ಬೀಪ್ ಎಂದರೂ ತಂತಿ ಸರಿಯಿರಲಿಲ್ಲ

ಪುನರ್ವಸು ಮಳೆ ಹಿಡಿದು ಹೊಯ್ಯುತ್ತಿದ್ದ ದಿನಗಳು. ತೀರ್ಥಹಳ್ಳಿಯಿಂದ ಕೊಪ್ಪಕ್ಕೆ ದಿನವೂ ಬೈಕಿನಲ್ಲೇ ನನ್ನ ಓಡಾಟ. ಒಂದು ಸಂಜೆ ಸೆಲ್ಫ್ ಒತ್ತಿದರೆ ಟಕ್ ಟಕ್ ಎಂಬ ಸದ್ದು ಬಿಟ್ಟು ಬೇರೇನೂ ಇಲ್ಲ. ಕಿಕ್ ಹೊಡೆದು ಹೊರಟೆ. ದಾರಿಯಲ್ಲಿ ಹಾರ್ನ್ ಒತ್ತಿದಾಗಲೆಲ್ಲ ಹೆಡ್‌ಲೈಟ್ ಮಂಕಾಗುತ್ತಿತ್ತು. ಬ್ಯಾಟರಿಗೆ ನಾಲ್ಕು ವರ್ಷವಾಗಿತ್ತು. “ಅಣ್ಣ, ಇದರ ಆಯಸ್ಸು ಮುಗಿದಿದೆ, ಹೊಸದು ಹಾಕಿಬಿಡಿ” ಎಂದ ಮೆಕ್ಯಾನಿಕ್ ಹುಡುಗನ ಮಾತು ಸರಿಯೆಂದೇ ತೋರಿತು. ಹಾಕಿಸಿದೆ. ಒಂಬತ್ತನೆಯ ದಿನಕ್ಕೆ ಹೊಸ ಬ್ಯಾಟರಿಯೂ ಮಲಗಿತು.

ಆಗ ಮನೆಯ ಜಗಲಿಯಲ್ಲಿ ಬೈಕ್ ನಿಲ್ಲಿಸಿ, ವೋಲ್ಟ್ ಮತ್ತು ಓಮ್ ಅಳೆಯುವ ಮಲ್ಟಿಮೀಟರ್ ಕೈಗೆತ್ತಿಕೊಂಡೆ. ಬೈಕ್ ಓಡುವಾಗ ಬ್ಯಾಟರಿಯನ್ನು ಚಾರ್ಜ್ ಮಾಡುವ ವ್ಯವಸ್ಥೆಯಲ್ಲಿ ಇರುವುದು ಮೂರೇ ಮುಖ್ಯ ಭಾಗಗಳು. ಎಂಜಿನ್ ಪಕ್ಕದಲ್ಲಿ ತಿರುಗುವ ಮ್ಯಾಗ್ನೆಟ್ಟಿನೊಳಗೆ ತಂತಿ ಸುತ್ತಿದ ಕಾಯಿಲ್ ಕುಳಿತಿರುತ್ತದೆ. ಅದು ಎಸಿ ವಿದ್ಯುತ್ ಕೊಡುತ್ತದೆ. ರೆಗ್ಯುಲೇಟರ್ ಅದನ್ನು ಡಿಸಿಗೆ ಬದಲಿಸಿ ಸುಮಾರು 14.5 ವೋಲ್ಟ್ ದಾಟದಂತೆ ಹಿಡಿದಿಡುತ್ತದೆ. ಅಲ್ಲಿಂದ ಬ್ಯಾಟರಿಗೆ. ಉಳಿದದ್ದೆಲ್ಲ ತಂತಿ ಮತ್ತು ತಂತಿಗೆ ತಂತಿ ಜೋಡಿಸುವ ಪ್ಲಾಸ್ಟಿಕ್ ಕಪ್ಲರ್. ಆ “ಉಳಿದದ್ದೆಲ್ಲ” ಎಂಬುದನ್ನು ನಾನು ಲೆಕ್ಕಕ್ಕೇ ಹಿಡಿದಿರಲಿಲ್ಲ.

ಮೊದಲು ಬ್ಯಾಟರಿಯನ್ನು ಹೊರಗೆ ತೆಗೆದು ಚಾರ್ಜರ್‌ನಲ್ಲಿ ಪೂರ್ತಿ ತುಂಬಿಸಿದೆ. ಅರೆಬರೆ ತುಂಬಿದ ಬ್ಯಾಟರಿ ಇಟ್ಟುಕೊಂಡು ಮಾಡಿದ ಯಾವ ಅಳತೆಯನ್ನೂ ನಂಬಬಾರದು. ಒಂದು ರಾತ್ರಿ ಬಿಟ್ಟು ನೋಡಿದರೆ 12.7 ವೋಲ್ಟ್. ಸೆಲ್ಫ್ ಒತ್ತುವಾಗ 10.6ಕ್ಕೆ ಇಳಿದು ಮತ್ತೆ ಮೇಲೇರಿತು. ಬ್ಯಾಟರಿ ಗಟ್ಟಿಯಾಗಿಯೇ ಇತ್ತು. ಹೆಡ್‌ಲೈಟ್ ಉರಿಸಿ ಎಂಜಿನ್ ವೇಗವನ್ನು 4000 ಆರ್‌ಪಿಎಂಗೆ ಏರಿಸಿದೆ. ಬ್ಯಾಟರಿಯ ತುದಿಗಳಲ್ಲಿ 14ರ ಆಸುಪಾಸು ತೋರಿಸಬೇಕಿದ್ದ ಮೀಟರ್ 12.4ರಲ್ಲೇ ನಿಂತಿತು. ಎಷ್ಟು ಏರಿಸಿದರೂ ಅಷ್ಟೇ.

ಎಂಜಿನ್ ಆರಿಸಿ ಕಾಯಿಲ್‌ನಿಂದ ಬರುವ ಮೂರು ಹಳದಿ ತಂತಿಗಳ ಕಪ್ಲರ್ ಬಿಚ್ಚಿದೆ. ಎರಡೆರಡು ತಂತಿಗಳ ನಡುವೆ ಓಮ್ (ವಿದ್ಯುತ್ತಿಗೆ ಇರುವ ತಡೆ) ಅಳೆದಾಗ ಮೂರು ಜೋಡಿಗಳಲ್ಲೂ 0.8 ಬಂತು. ಮೀಟರಿನ ಎರಡು ಕಡ್ಡಿಗಳನ್ನು ಪರಸ್ಪರ ಮುಟ್ಟಿಸಿದರೇ 0.3 ತೋರಿಸುತ್ತಿತ್ತು, ಅದನ್ನು ಕಳೆದರೆ 0.5. ಹಳದಿ ತಂತಿಗೂ ಎಂಜಿನ್ ಲೋಹಕ್ಕೂ ನಡುವೆ ಸಂಪರ್ಕ ಇರಬಾರದು, ಇರಲಿಲ್ಲ. ಮತ್ತೆ ಎಂಜಿನ್ ಓಡಿಸಿ ಅದೇ ಜೋಡಿಗಳಲ್ಲಿ ಎಸಿ ವೋಲ್ಟ್ ಅಳೆದೆ: 57, 58, 57. ಸಂಖ್ಯೆ ಬೈಕಿನಿಂದ ಬೈಕಿಗೆ ಬೇರೆಯಾಗುತ್ತದೆ, ಆದರೆ ಮೂರೂ ಜೋಡಿಗಳು ಸಮವಾಗಿರಬೇಕು. ಕಾಯಿಲ್ ಚೆನ್ನಾಗಿದೆ ಎಂದಾಯಿತು. ಈ ಪರೀಕ್ಷೆಯಲ್ಲಿ ಬರಿಗೈ ತಾಗಿಸಬೇಡಿ, ಹೊಡೆಯುತ್ತದೆ.

ಇನ್ನು ಉಳಿದದ್ದು ರೆಗ್ಯುಲೇಟರ್ ಎಂದುಕೊಂಡು ಅದೇ ಮಾದರಿಯ ಬೈಕ್ ಇರುವ ಗೆಳೆಯನಿಂದ ಒಂದು ದಿನಕ್ಕೆ ಎರವಲು ತಂದೆ. ಹಾಕಿದರೆ ಮತ್ತೆ 12.4! ಎರಡು ತಾಸು ಮಳೆ ನೋಡುತ್ತ ಕುಳಿತೆ. ಬ್ಯಾಟರಿ ಸರಿ, ಕಾಯಿಲ್ ಸರಿ, ರೆಗ್ಯುಲೇಟರ್ ಸರಿ. ತಂತಿಗಳನ್ನೂ ಒಂದೊಂದಾಗಿ ಮೀಟರಿನ ಬೀಪ್ ಸದ್ದಿನಲ್ಲಿ ನೋಡಿಯಾಗಿತ್ತು; ತಂತಿ ಎಲ್ಲೂ ತುಂಡಾಗಿರದಿದ್ದರೆ ಮೀಟರ್ ಬೀಪ್ ಎನ್ನುತ್ತದೆ. ಎಲ್ಲವೂ ಬೀಪ್ ಎಂದಿದ್ದವು.

ನನ್ನನ್ನು ದಾರಿ ತಪ್ಪಿಸಿದ್ದು ಆ ಬೀಪ್. ತಂತಿಯನ್ನು ಪರೀಕ್ಷಿಸಲು ಮೀಟರ್ ಹರಿಸುವುದು ಅತ್ಯಲ್ಪ ವಿದ್ಯುತ್ತನ್ನು, ಒಂದೆರಡು ಮಿಲಿಆಂಪಿಯರ್. ಇಪ್ಪತ್ತು ಎಳೆಗಳ ತಂತಿಯಲ್ಲಿ ಒಂದೇ ಎಳೆ ಉಳಿದಿದ್ದರೂ ಅಷ್ಟು ಸಲೀಸಾಗಿ ದಾಟುತ್ತದೆ. ಬೈಕ್ ಓಡುವಾಗ ಅದೇ ದಾರಿಯಲ್ಲಿ ಹಲವು ಆಂಪಿಯರ್ ಹರಿಯಬೇಕು. ಕಾಲುಸಂಕದ ಮೇಲೆ ಬೆಕ್ಕು ದಾಟಿತೆಂದು ಎತ್ತಿನಗಾಡಿ ದಾಟೀತೇ? ತಂತಿಯನ್ನು ನೋಡಬೇಕಾದದ್ದು ಅದು ಹೊರೆ ಹೊತ್ತಿರುವಾಗಲೇ.

ಮೀಟರನ್ನು ಡಿಸಿ ವೋಲ್ಟಿಗೆ ಇಟ್ಟು, ಒಂದು ಕಡ್ಡಿಯನ್ನು ರೆಗ್ಯುಲೇಟರಿನಿಂದ ಹೊರಡುವ ಕೆಂಪು ತಂತಿಯ ಬುಡಕ್ಕೆ, ಇನ್ನೊಂದನ್ನು ಬ್ಯಾಟರಿಯ ಪ್ಲಸ್ಸಿಗೆ ಹಿಡಿದೆ. ಎಂಜಿನ್ ಓಡುತ್ತಿತ್ತು, ಹೆಡ್‌ಲೈಟ್ ಉರಿಯುತ್ತಿತ್ತು. ಒಂದೇ ತಂತಿಯ ಎರಡು ತುದಿಗಳಲ್ಲವೇ, 0.2 ವೋಲ್ಟಿಗಿಂತ ಕಡಿಮೆ ಇರಬೇಕು. ತೋರಿಸಿದ್ದು 1.9. ಅಂದರೆ ರೆಗ್ಯುಲೇಟರ್ 14.3 ವೋಲ್ಟ್ ಕೊಡುತ್ತಿತ್ತು, ಬ್ಯಾಟರಿಗೆ ತಲುಪುವಷ್ಟರಲ್ಲಿ ಅದು 12.4 ಆಗುತ್ತಿತ್ತು. ಅರ್ಥಿಂಗ್ ಕಡೆಯನ್ನೂ, ಅಂದರೆ ಬ್ಯಾಟರಿಯ ಮೈನಸ್ ಕಡೆಯನ್ನೂ, ಹೀಗೆಯೇ ನೋಡಿದೆ: 0.05, ತೊಂದರೆಯಿಲ್ಲ.

ರೆಗ್ಯುಲೇಟರ್ ಕಡೆಯ ಕಡ್ಡಿಯನ್ನು ಕೆಂಪು ತಂತಿಯ ಜಾಡಿನಲ್ಲೇ ಬ್ಯಾಟರಿಯತ್ತ ಸರಿಸುತ್ತ ಹೋದೆ. ಸೀಟಿನ ಕೆಳಗಿನ ಒಂದು ಕಪ್ಲರ್ ದಾಟುತ್ತಿದ್ದಂತೆ 1.9 ಥಟ್ಟನೆ ಇಳಿಯಿತು. ಎಂಜಿನ್ ಆರಿಸಿ ಕಪ್ಲರ್ ಬಿಚ್ಚಿದರೆ ಒಳಗೆ ಹಸಿರು ಕಿಲುಬು! ಅಜ್ಜಿಯ ಮನೆಯ ತಾಮ್ರದ ಹಂಡೆಯ ಅಂಚಿನಲ್ಲಿ ಕಟ್ಟುತ್ತಿದ್ದಂಥದ್ದೇ. ಬಿಳಿ ಪ್ಲಾಸ್ಟಿಕ್ ಕಂದಾಗಿ ಒಂದು ಮೂಲೆ ಕರಗಿತ್ತು. ಐದು ಆಂಪಿಯರ್ ಎಂದು ಹಿಡಿದರೂ 1.9 ವೋಲ್ಟ್ ಸೋರುವಲ್ಲಿ ಒಂಬತ್ತು ವ್ಯಾಟಿಗಿಂತ ಹೆಚ್ಚಿನ ಶಾಖ ಹುಟ್ಟುತ್ತದೆ. ಹಿಂದಿನ ಚಕ್ರ ಎರಚುವ ನೀರು ಮಳೆಗಾಲ ಮಳೆಗಾಲವೂ ಅಲ್ಲಿ ಇಳಿಯುತ್ತಿದ್ದಿರಬೇಕು.

ಬ್ಯಾಟರಿಯ ಮೈನಸ್ ಕಳಚಿಟ್ಟು ಎರಡೂ ಕಡೆಯ ತಂತಿಯನ್ನು ಹೊಳೆಯುವ ತಾಮ್ರ ಸಿಗುವವರೆಗೆ ಕತ್ತರಿಸಿದೆ. ಕಿಲುಬು ಎಳೆಗಳೊಳಗೆ ಒಂದು ಅಂಗುಲದಷ್ಟು ಏರಿತ್ತು. ಅಷ್ಟೇ ದಪ್ಪದ ತಂತಿ ಸೇರಿಸಿ, ಹೊಸ ಟರ್ಮಿನಲ್‌ಗಳನ್ನು ಬಿಗಿಯಾಗಿ ಒತ್ತಿ, ಹೊಸ ಕಪ್ಲರ್ ಹಾಕಿದೆ. ಬೆಸುಗೆ ಹಾಕಲಿಲ್ಲ, ಬೆಸುಗೆಯ ಅಂಚಿನಲ್ಲಿ ತಂತಿ ಪೆಡಸಾಗಿ, ಬೈಕಿನ ನಡುಕಕ್ಕೆ ಅಲ್ಲೇ ಮುರಿಯುತ್ತದೆ ಎಂಬುದು ನನ್ನ ಅಭಿಪ್ರಾಯ. ಜೋಡಿಸಿದ ಮೇಲೆ ಹೊರಗಿನಿಂದ ಪೆಟ್ರೋಲಿಯಂ ಜೆಲ್ಲಿ ಬಳಿದು, ಕಪ್ಲರನ್ನು ನೀರು ಎರಚದ ಎತ್ತರಕ್ಕೆ ಕಟ್ಟಿದೆ. ಗೆಳೆಯನ ರೆಗ್ಯುಲೇಟರ್ ಕಳಚಿ ನನ್ನ ಹಳೆಯದನ್ನೇ ಮರಳಿ ಕೂರಿಸಿದೆ.

4000 ಆರ್‌ಪಿಎಂ, ಹೆಡ್‌ಲೈಟ್ ಉರಿಯುತ್ತಿದೆ, ಬ್ಯಾಟರಿಯಲ್ಲಿ 14.2. ಹೆಂಡತಿಯನ್ನು ಕರೆದು ಮೀಟರ್ ತೋರಿಸಿದೆ. ಗೆಳೆಯನ ರೆಗ್ಯುಲೇಟರನ್ನು ಮರುದಿನ ಹಿಂತಿರುಗಿಸಲು ಹೋದಾಗ ಮೀಟರನ್ನೂ ಜೊತೆಗೆ ಒಯ್ದಿದ್ದೆ. ಅವನ ಬೈಕಿನ ಅದೇ ಕಪ್ಲರ್ ಆಗಲೇ 0.6 ವೋಲ್ಟ್ ತಿನ್ನುತ್ತಿತ್ತು.