ಮಗು ಅತ್ತಾಗ ಏಳುವವರು ಯಾರು?

ಮಗಳಿಗೆ ಆಗ ಏಳು ತಿಂಗಳು. ರಾತ್ರಿ ಎರಡೂಕಾಲು ಗಂಟೆ. ಪಕ್ಕದ ಕೋಣೆಯಿಂದ ಅವಳ ಅಳು ಕೇಳುತ್ತಿತ್ತು. ನಾನು ಬಾಗಿಲ ಚಿಲಕಕ್ಕೆ ಕೈ ಹಾಕಿದ್ದೆ. ನನ್ನ ಗಂಡ ನನ್ನ ಮೊಣಕೈ ಹಿಡಿದುಕೊಂಡಿದ್ದರು. “ಇನ್ನೆರಡು ನಿಮಿಷ ತಾಳು, ತಾನಾಗಿಯೇ ಮಲಗುತ್ತಾಳೆ” ಎಂದರು. “ಆ ಅಳು ನಿಮಗೆ ಕೇಳಿಸುತ್ತಿಲ್ಲವೇ?” ಎಂದು ಕೈ ಬಿಡಿಸಿಕೊಂಡು ಒಳಗೆ ಹೋದೆ. ಮಗುವಿನ ಕತ್ತು ಬೆವೆತಿತ್ತು, ಕೂದಲು ಹಣೆಗೆ ಅಂಟಿತ್ತು, ಅಳುವಿನ ನಡುವೆ ಬಿಕ್ಕುತ್ತಿದ್ದಳು. ಎತ್ತಿ ಹೆಗಲಿಗೆ ಹಾಕಿಕೊಂಡ ಮೂರು ನಿಮಿಷಕ್ಕೆ ನಿದ್ದೆ ಹೋದಳು. ಕೆಳಗೆ ಮಲಗಿಸಿದ ನಲವತ್ತು ನಿಮಿಷಕ್ಕೆ ಮತ್ತೆ ಎಚ್ಚರ. ಬೆಳಗಾಗುವಷ್ಟರಲ್ಲಿ ಐದು ಸಲ ಎದ್ದಿದ್ದೆ. ಮರುದಿನ ಸಂಜೆಯವರೆಗೂ ನಾವಿಬ್ಬರೂ ಒಬ್ಬರಿಗೊಬ್ಬರು ಮಾತನಾಡಲಿಲ್ಲ.

ಮಕ್ಕಳನ್ನು ಬೆಳೆಸುವವರ ನಡುವೆ ಇದಕ್ಕಿಂತ ಹಳೆಯ ಜಗಳ ಇರಲಾರದು. ಅತ್ತ ಕೂಡಲೇ ಎತ್ತಿಕೊಳ್ಳಬೇಕೇ, ಸ್ವಲ್ಪ ಕಾಯಬೇಕೇ? ಐದು ನಿಮಿಷ, ಹತ್ತು ನಿಮಿಷ ಎಂದು ಅಂತರ ಹೆಚ್ಚಿಸುತ್ತಾ ಕಾಯುವ ಕ್ರಮವನ್ನು 1980ರ ದಶಕದಲ್ಲಿ ಅಮೆರಿಕದ ವೈದ್ಯ ರಿಚರ್ಡ್ ಫರ್ಬರ್ ಜನಪ್ರಿಯಗೊಳಿಸಿದರು. ಅಂದಿನಿಂದ ಅದರ ಪರ ನಿಂತವರೂ ಇದ್ದಾರೆ, ಅದನ್ನು ಕ್ರೌರ್ಯ ಎನ್ನುವವರೂ ಇದ್ದಾರೆ. ನಮ್ಮ ಮನೆಯಲ್ಲಿ ಇಬ್ಬರೂ ಒಂದೇ ಹಾಸಿಗೆಯಲ್ಲಿ ಮಲಗುತ್ತಿದ್ದರು, ಅಷ್ಟೇ ವ್ಯತ್ಯಾಸ. ಅಳಲು ಬಿಟ್ಟ ಮಗುವಿನ ಮನಸ್ಸಿಗೆ ಜೀವನಪೂರ್ತಿ ಗಾಯ ಉಳಿಯುತ್ತದೆ ಎಂದು ನಾನು ನಂಬಿದ್ದೆ. ಪ್ರತಿ ಸಲ ಎತ್ತಿಕೊಂಡರೆ ಅವಳು ಎಂದಿಗೂ ತಾನಾಗಿ ನಿದ್ದೆ ಮಾಡಲು ಕಲಿಯುವುದಿಲ್ಲ ಎಂದು ಅವರು ನಂಬಿದ್ದರು. ಇಬ್ಬರೂ ತಮ್ಮ ನಂಬಿಕೆಗೆ ಒಪ್ಪುವುದನ್ನಷ್ಟೇ ಹುಡುಕಿ ಓದುತ್ತಿದ್ದೆವು.

ನನ್ನ ಪಟ್ಟು ಸಡಿಲಾಗಿದ್ದು ಆಸ್ಟ್ರೇಲಿಯಾದ ಒಂದು ಅಧ್ಯಯನದಿಂದ. ನಿದ್ದೆಯ ತೊಂದರೆ ಇದ್ದ 326 ಹಸುಗೂಸುಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿನ ತಾಯಂದಿರಿಗೆ ನಿದ್ದೆ ಕಲಿಸುವ ಕ್ರಮಗಳನ್ನು ಹೇಳಿಕೊಟ್ಟಿದ್ದರು. ಮಕ್ಕಳಿಗೆ ಆರು ವರ್ಷವಾದಾಗ ಮತ್ತೆ ಪರೀಕ್ಷಿಸಿ, 2012ರಲ್ಲಿ ಫಲಿತಾಂಶ ಪ್ರಕಟಿಸಿದರು. ನಡವಳಿಕೆಯಲ್ಲಾಗಲಿ, ಒತ್ತಡದಲ್ಲಾಗಲಿ, ತಾಯಿ-ಮಗುವಿನ ನಂಟಿನಲ್ಲಾಗಲಿ ಎರಡು ಗುಂಪುಗಳ ನಡುವೆ ವ್ಯತ್ಯಾಸವಿರಲಿಲ್ಲ. ಹಾನಿ ಕಾಣಲಿಲ್ಲ, ಶಾಶ್ವತವಾದ ಲಾಭವೂ ಕಾಣಲಿಲ್ಲ. ಮೊದಲ ವರ್ಷಗಳಲ್ಲಿ ಮಾತ್ರ ಮಗುವಿನ ನಿದ್ದೆಯೂ ತಾಯಿಯ ಮನಸ್ಥಿತಿಯೂ ಸುಧಾರಿಸಿದ್ದವು. ಇದನ್ನು ಓದಿ ನನಗೆ ಕಣ್ಣು ತುಂಬಿ ಬಂತು. ನಾವಿಬ್ಬರೂ ಮಗಳ ಭವಿಷ್ಯವನ್ನೇ ಪಣಕ್ಕಿಟ್ಟಂತೆ ಕಾದಾಡುತ್ತಿದ್ದೆವು. ಅವಳ ಭವಿಷ್ಯ ಅಲ್ಲಿ ಪಣದಲ್ಲಿರಲೇ ಇಲ್ಲ. ಇದ್ದದ್ದು ನಮ್ಮ ನಿದ್ದೆ.

ಆ ಅಧ್ಯಯನದಲ್ಲಿ ಕಲಿಸಿದ ಕ್ರಮಗಳಲ್ಲಿ ಒಂದು ನಮಗೆ ಒಗ್ಗಿತು: ಮಗುವಿನ ಬಳಿಯಲ್ಲೇ ಕುಳಿತು, ದಿನಗಳೆದಂತೆ ದೂರ ಸರಿಯುವುದು. ಊಟದ ಮೇಜಿನ ಒಂದು ಮರದ ಕುರ್ಚಿಯನ್ನು ತಂದು ಮಗಳ ಮಂಚಕ್ಕೆ ತಾಗಿಸಿ ಇಟ್ಟೆವು. ಮೊದಲ ಮೂರು ರಾತ್ರಿ ಕಂಬಿಯ ನಡುವೆ ಕೈ ತೂರಿಸಿ ಅವಳ ಹೊಟ್ಟೆಯ ಮೇಲೆ ಅಂಗೈ ಇಟ್ಟು ಕುಳಿತೆವು. ಆಮೇಲೆ ಕೈ ತೆಗೆದೆವು, ಕುರ್ಚಿ ಅಲ್ಲೇ ಇತ್ತು. ನಂತರ ಒಂದು ಮಾರು ಹಿಂದಕ್ಕೆ. ಅಳುತ್ತಿದ್ದಳು, ನಿಜ. ಆದರೆ ಕತ್ತಲೆಯಲ್ಲಿ ಒಬ್ಬಳೇ ಅಳುತ್ತಿರಲಿಲ್ಲ. ನಡುವೆ ಜ್ವರ ಬಂದಾಗ ಎಲ್ಲವನ್ನೂ ಬಿಟ್ಟು ಎತ್ತಿಕೊಂಡೇ ಮಲಗಿಸಿದೆವು, ಗುಣವಾದ ಮೇಲೆ ಮತ್ತೆ ಮೊದಲಿನಿಂದ. ಕುರ್ಚಿ ಬಾಗಿಲು ದಾಟಲು ಒಂದು ತಿಂಗಳ ಮೇಲಾಯಿತು. ಒಂದೂವರೆ ವರ್ಷದವರೆಗೂ ಅವಳು ರಾತ್ರಿ ಒಮ್ಮೆ ಏಳುತ್ತಲೇ ಇದ್ದಳು. ಒಂದು ಸಲ ಎದ್ದರೆ ಮನುಷ್ಯರು ಬದುಕಬಹುದು. ಐದು ಸಲ ಎದ್ದರೆ ಆಗುವುದಿಲ್ಲ.

ನಿಜವಾಗಿ ನಮ್ಮನ್ನು ಕಾಪಾಡಿದ್ದು ಕುರ್ಚಿಯ ಜೊತೆ ಹುಟ್ಟಿಕೊಂಡ ಒಂದು ಕಟ್ಟುಪಾಡು. ಆ ರಾತ್ರಿ ಕುರ್ಚಿಯಲ್ಲಿ ಯಾರು ಕುಳಿತಿದ್ದಾರೋ ಅವರ ತೀರ್ಮಾನವೇ ತೀರ್ಮಾನ. ಇನ್ನೊಬ್ಬರು ಮಧ್ಯೆ ಬಾಯಿ ಹಾಕುವಂತಿಲ್ಲ. ಗಂಡನ ಸರದಿಯ ರಾತ್ರಿ ಅವರು ನನಗಿಂತ ಹೆಚ್ಚು ಹೊತ್ತು ಕಾಯುತ್ತಿದ್ದರು. ನಾನು ಗೋಡೆಗೆ ಮುಖ ಮಾಡಿ, ದಿಂಬನ್ನು ಕಿವಿಗೊತ್ತಿಕೊಂಡು ಮಲಗುತ್ತಿದ್ದೆ. ಸುಲಭವಾಗಿರಲಿಲ್ಲ. ಆದರೆ ಬೆಳಿಗ್ಗೆ ಎದ್ದು ನೋಡಿದರೆ ಮಗಳು ಅವರನ್ನು ಕಂಡು ನಗುತ್ತಿದ್ದಳು, ನನ್ನನ್ನು ಕಂಡಾಗ ನಗುವಷ್ಟೇ ಅಗಲವಾಗಿ.

ಎಲ್ಲವನ್ನೂ ಹೀಗೆ ಸರದಿಗೆ ಬಿಡಲಾಗದು. ಒಂದು ವರ್ಷದೊಳಗಿನ ಮಗುವನ್ನು ಅಂಗಾತ ಮಲಗಿಸಬೇಕು, ಸುತ್ತ ದಿಂಬು-ಹೊದಿಕೆ ಇರಬಾರದು. ವರ್ಷ ತುಂಬುವವರೆಗೆ ಜೇನುತುಪ್ಪ ನೆಕ್ಕಿಸಬಾರದು, ಅದರಲ್ಲಿ ಇರಬಹುದಾದ ಬೊಟುಲಿಸಂ ರೋಗಾಣುವಿನ ಬೀಜಕಗಳನ್ನು ಎಳೆಯ ಕರುಳು ತಡೆದುಕೊಳ್ಳಲಾರದು. ಲಸಿಕೆ ತಪ್ಪಿಸಬಾರದು. ಲಸಿಕೆಯನ್ನು ಆಟಿಸಂಗೆ ತಳಕು ಹಾಕಿದ 1998ರ ಲೇಖನ ಹನ್ನೆರಡೇ ಮಕ್ಕಳನ್ನು ಆಧರಿಸಿತ್ತು. ಪ್ರಕಟಿಸಿದ್ದ ವೈದ್ಯಕೀಯ ಪತ್ರಿಕೆಯೇ ಅದನ್ನು 2010ರಲ್ಲಿ ಹಿಂತೆಗೆದುಕೊಂಡಿತು, ಬರೆದ ವೈದ್ಯರ ಹೆಸರು ಅದೇ ವರ್ಷ ಬ್ರಿಟನ್ನಿನ ವೈದ್ಯರ ನೋಂದಣಿಯಿಂದ ಹೊರಬಿತ್ತು. ಇವುಗಳ ಬಗ್ಗೆ ನಾನು ಚರ್ಚೆಗೆ ಕೂರುವುದಿಲ್ಲ.

ಚರ್ಚೆಗೆ ಕೂರದಿದ್ದರೂ, ಹೇಳುವ ರೀತಿಯನ್ನು ಕಲಿಯಬೇಕಾಯಿತು. ಮಗಳು ಎರಡು ತಿಂಗಳವಳಿದ್ದಾಗ ನಮ್ಮ ಅತ್ತೆ ಅವಳನ್ನು ಬೋರಲು ಮಲಗಿಸಿದ್ದರು. ನಾನು ಓಡಿಹೋಗಿ ತಿರುಗಿಸಿದೆ. “ನನ್ನ ಮೂರೂ ಮಕ್ಕಳನ್ನು ಹೀಗೆಯೇ ಮಲಗಿಸಿದೆ. ನಿನ್ನ ಗಂಡನೂ ಹಾಗೆಯೇ ಬೆಳೆದವನು” ಎಂದರು. ನಾನು ಒರಟಾಗಿ ಏನೋ ಹೇಳಿದೆ. ಅವರ ಮುಖ ಸಣ್ಣದಾಯಿತು. ಆಮೇಲೆ ಓದಿದಾಗ ತಿಳಿಯಿತು: ಅವರ ಕಾಲದಲ್ಲಿ ಎಷ್ಟೋ ವೈದ್ಯರೇ ಹಾಗೆ ಹೇಳುತ್ತಿದ್ದರು, ವಾಂತಿ ಮಾಡಿಕೊಂಡರೆ ಉಸಿರು ಕಟ್ಟದಿರಲಿ ಎಂದು. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಬೋರಲು ಮಲಗಿಸಬೇಡಿ ಎಂದಿದ್ದು 1992ರಲ್ಲಿ. ಅಲ್ಲಿಂದ ಮುಂದೆ ಆ ದೇಶದಲ್ಲಿ ನಿದ್ದೆಯಲ್ಲಿ ಹಠಾತ್ತಾಗಿ ಸಾಯುವ ಶಿಶುಗಳ ಪ್ರಮಾಣ ಅರ್ಧಕ್ಕಿಂತ ಕೆಳಗಿಳಿಯಿತು. ಇದನ್ನು ಅತ್ತೆಗೆ ಹೇಳಿದೆ. “ನೀವು ಆಗ ವೈದ್ಯರ ಮಾತು ಕೇಳಿದಿರಿ ಅತ್ತೆ, ನಾನು ಈಗ ಕೇಳುತ್ತಿದ್ದೇನೆ” ಎಂದೆ. ಅವರು ಬಹಳ ಹೊತ್ತು ಸುಮ್ಮನಿದ್ದರು. ಮೂರು ವರ್ಷದ ನಂತರ ಮಗ ಹುಟ್ಟಿದಾಗ, ಆಸ್ಪತ್ರೆಯಿಂದ ಬಂದ ದಿನವೇ ಅವನನ್ನು ಅಂಗಾತ ಮಲಗಿಸಿ, ಕಾಲ ಬಳಿಯ ಹೊದಿಕೆಯನ್ನು ಮಡಚಿ ಆಚೆ ಇಟ್ಟವರು ಅವರೇ.

ಸಲಹೆಗಳು ನಮ್ಮ ಕಣ್ಣೆದುರೇ ಬದಲಾಗುತ್ತವೆ. ಅಲರ್ಜಿಯ ಭಯಕ್ಕೆ ಕಡಲೆಕಾಯಿಯನ್ನು ವರ್ಷಗಟ್ಟಲೆ ದೂರವಿಡಿ ಎನ್ನುತ್ತಿದ್ದರು. ಅಪಾಯ ಹೆಚ್ಚಿರುವ 640 ಶಿಶುಗಳ ಮೇಲಿನ ಅಧ್ಯಯನವೊಂದು 2015ರಲ್ಲಿ ಅದನ್ನು ತಲೆಕೆಳಗು ಮಾಡಿತು: ಬೇಗ ತಿನ್ನಲು ಶುರುಮಾಡಿದ ಮಕ್ಕಳಲ್ಲಿ ಅಲರ್ಜಿ ತೀರಾ ಕಡಿಮೆ. ಆದ್ದರಿಂದ ಹಿಂದಿನವರನ್ನು ಅಪರಾಧಿಗಳಂತೆ ನೋಡುವುದನ್ನು ನಾನು ಬಿಟ್ಟಿದ್ದೇನೆ.

ಹಾಲಿನ ವಿಷಯದಲ್ಲಿ ನಾನೇ ಅಪರಾಧಿಯ ಜಾಗದಲ್ಲಿ ನಿಂತಿದ್ದೆ. ಆರು ತಿಂಗಳು ಎದೆಹಾಲು ಮಾತ್ರ, ಎರಡು ವರ್ಷ ಅಥವಾ ಅದಕ್ಕಿಂತ ಮುಂದಕ್ಕೂ ಬೇರೆ ಆಹಾರದ ಜೊತೆ ಎದೆಹಾಲು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅದು ಸರಿಯಾದ ಮಾತು. ನನಗೆ ಮೂರನೇ ತಿಂಗಳಿಗೆ ಹಾಲು ಸಾಲದೆ, ಮಗಳ ತೂಕ ನಿಂತುಹೋಯಿತು. ವೈದ್ಯರು ಹೇಳಿದ ಮೇಲೆ ಪುಡಿಹಾಲು ಸೇರಿಸಿದೆ. “ಇನ್ನೂ ಸ್ವಲ್ಪ ಪ್ರಯತ್ನಿಸಬಹುದಿತ್ತು” ಎಂದವರಿಗೆ ಲೆಕ್ಕವಿಲ್ಲ. ಪುಡಿಹಾಲು ಕಲೆಸುವುದು ಹೇಗೆ ಎಂದು ಅವರಲ್ಲಿ ಒಬ್ಬರೂ ಹೇಳಿಕೊಡಲಿಲ್ಲ. ನಾನು ಹೇಳುತ್ತೇನೆ: ನೀರು ಮೊದಲು, ಪುಡಿ ಆಮೇಲೆ; ಕುದಿಸಿದ ನೀರು 70 ಡಿಗ್ರಿಗಿಂತ ಕೆಳಗಿಳಿಯುವ ಮುನ್ನವೇ ಪುಡಿ ಹಾಕಿ, ಕಲೆಸಿ, ಆಮೇಲೆ ಆರಿಸಿ; ಡಬ್ಬಿಯೊಳಗಿನ ಚಮಚದಿಂದಲೇ ಅಳೆಯಿರಿ, ಹೆಚ್ಚು ದಿನ ಬರಲಿ ಎಂದು ನೀರು ಹೆಚ್ಚಿಸಬೇಡಿ. ತಾಯಿಯ ಬೆನ್ನ ಹಿಂದೆ ನಿಂತು ಲೊಚಗುಟ್ಟುವುದಕ್ಕಿಂತ ಇಷ್ಟು ಹೇಳಿದರೆ ಮಗುವಿಗೆ ಒಳ್ಳೆಯದಾಗುತ್ತದೆ.

ನಾನು ಪೂರ್ತಿಯಾಗಿ ಪಕ್ಷ ಬದಲಿಸಿದ್ದು ಏಟಿನ ವಿಷಯದಲ್ಲಿ. “ಒಂದೇಟು ಬಿದ್ದರೆ ಏನಾಗುತ್ತದೆ? ನಾವೂ ಏಟು ತಿಂದೇ ಬೆಳೆದವರಲ್ಲವೇ?” ಎಂದು ನಾನೇ ಹೇಳುತ್ತಿದ್ದೆ. ಗಂಡ ಒಪ್ಪುತ್ತಿರಲಿಲ್ಲ. ಸ್ವೀಡನ್ 1979ರಲ್ಲೇ ಮನೆಯೊಳಗೂ ಮಕ್ಕಳನ್ನು ಹೊಡೆಯುವಂತಿಲ್ಲ ಎಂದು ಕಾನೂನು ಮಾಡಿತು ಎನ್ನುತ್ತಿದ್ದರು. ಕಾನೂನಿನಿಂದ ನನ್ನ ಮನಸ್ಸು ಬದಲಾಗಲಿಲ್ಲ. ಒಂದು ಸಂಜೆ ಮಗಳು ತಮ್ಮನ ತಲೆಗೆ ಆಟದ ಸಾಮಾನಿನಿಂದ ಬಡಿದಳು. ನಾನು ಅವಳ ಕೈಗೆ ಫಟ್ಟನೆ ಹೊಡೆದು, “ಯಾರಿಗೂ ಹೊಡೆಯಬಾರದು!” ಎಂದು ಕೂಗಿದೆ. ಅವಳು ಅಳಲಿಲ್ಲ. ಕೆಂಪಾದ ತನ್ನ ಕೈಯನ್ನು ನೋಡಿಕೊಂಡಳು. ಆಮೇಲೆ ನನ್ನ ಕೈಯನ್ನು ನೋಡಿದಳು. ನಾನು ಹೇಳಿದ ಮಾತಿಗೂ ಮಾಡಿದ ಕೆಲಸಕ್ಕೂ ಇದ್ದ ಅಂತರವನ್ನು ಮೂರೂವರೆ ವರ್ಷದ ಮಗು ಅಳೆಯುತ್ತಿರುವುದು ನನಗೆ ಕಂಡಿತು.

ನೆಲದ ಮೇಲೆ ಕುಳಿತು ಕ್ಷಮೆ ಕೇಳಿದೆ. “ಅಮ್ಮನಿಗೆ ಕೋಪ ಬಂದಾಗ ಕೈಯನ್ನು ಹಿಂದೆ ಕಟ್ಟಿಕೊಳ್ಳುತ್ತಾಳೆ” ಎಂದು ಮಾತು ಕೊಟ್ಟೆ. ಕೈ ಕಟ್ಟಿಕೊಂಡರೆ ದನಿಯೂ ತಗ್ಗುತ್ತದೆ, ಮಾಡಿ ನೋಡಿ. ಅವಳಿಗೆ ಶಿಸ್ತು ಬೇಡವೆಂದಲ್ಲ: ಬಡಿದ ಆಟದ ಸಾಮಾನು ಆ ದಿನಕ್ಕೆ ಕಪಾಟಿನ ಮೇಲೆ ಹೋಗುತ್ತದೆ, ಎಷ್ಟು ರಚ್ಚೆ ಹಿಡಿದರೂ ಕೆಳಗೆ ಬರುವುದಿಲ್ಲ. ಈಗ ನನ್ನ ದನಿ ಏರಿದರೆ ಮಗಳೇ “ಅಮ್ಮ, ಕೈ!” ಎನ್ನುತ್ತಾಳೆ.

ಮೊಬೈಲ್ ಬಗ್ಗೆ ನಮ್ಮಲ್ಲಿ ದೊಡ್ಡ ಜಗಳವಾಗಲಿಲ್ಲ. ಎರಡು ವರ್ಷ ತುಂಬುವವರೆಗೆ ಪರದೆ ಬೇಡ, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಬೇಡ ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಇಬ್ಬರೂ ಒಪ್ಪಿದೆವು. ಊಟದ ಹೊತ್ತಿನಲ್ಲಿ ನಮ್ಮಿಬ್ಬರ ಮೊಬೈಲನ್ನು ಬೇರೆ ಕೋಣೆಯಲ್ಲಿ ಇಡುವುದು ಮಾತ್ರ ಇನ್ನೂ ಕಷ್ಟವಾಗುತ್ತಿದೆ.

ಮಗನಿಗೆ ಈಗ ಒಂಬತ್ತು ತಿಂಗಳು. ಅದೇ ಮರದ ಕುರ್ಚಿ ಮತ್ತೆ ಕೋಣೆಗೆ ಬಂದು, ಹದಿನೈದು ದಿನದಲ್ಲಿ ಮಂಚದಿಂದ ಹೊಸ್ತಿಲಿನವರೆಗೆ ತಲುಪಿದೆ. ಇವತ್ತು ಅದನ್ನು ಹೊರಗಿಡೋಣ ಎಂದು ಗಂಡ ಹೇಳುತ್ತಿದ್ದಾರೆ. ಇನ್ನೆರಡು ದಿನ ಒಳಗೇ ಇರಲಿ ಎಂದು ನನ್ನ ಮನಸ್ಸು. ಇವತ್ತಿನ ಸರದಿ ಅವರದು.