ಒಬ್ಬರೇ ದೀರ್ಘ ಪ್ರವಾಸಕ್ಕೆ ಹೊರಡುವ ಮುನ್ನ ವಿಮೆ ನೋಡಿಕೊಳ್ಳಿ

ಕೆಲಸಕ್ಕೆ ಕೆಲವು ತಿಂಗಳು ವಿರಾಮ ಕೊಟ್ಟು, ಬ್ಯಾಗ್ ಹೆಗಲಿಗೇರಿಸಿ ಒಬ್ಬರೇ ಊರು ಸುತ್ತಬೇಕು ಅಂತಿರೋರು ನಮ್ಮ ಪುಣೆ ಕನ್ನಡ ಬಳಗದಲ್ಲೂ ಹಲವರಿದ್ದೀರಿ. ಖಂಡಿತ ಹೋಗಿ ಬನ್ನಿ. ರಾಜೀನಾಮೆಗೆ ಮೊದಲು ಸಂಬಳವಿಲ್ಲದ ರಜೆ ಸಿಗುತ್ತದಾ ಅಂತ ಎಚ್‌ಆರ್ ಹತ್ತಿರ ಒಮ್ಮೆ ಕೇಳಿ.

ಎಲ್ಲಕ್ಕಿಂತ ಮುಖ್ಯ ಆರೋಗ್ಯ ವಿಮೆ. ಕಂಪನಿಯ ವಿಮೆ ಸಾಮಾನ್ಯವಾಗಿ ಕೆಲಸದ ಕೊನೆಯ ದಿನಕ್ಕೇ ಮುಗಿಯುತ್ತದೆ. ಅದರಲ್ಲಿ ಅಪ್ಪ-ಅಮ್ಮನ ಹೆಸರಿದ್ದರೆ ಅವರದ್ದೂ ಹೋಯಿತು. ಹೊಸ ಪಾಲಿಸಿಯಲ್ಲಿ ಮೊದಲ 30 ದಿನ ಅಪಘಾತ ಬಿಟ್ಟು ಬೇರೆ ಕಾಯಿಲೆಗೆ ಕ್ಲೇಮ್ ಸಿಗೋದಿಲ್ಲ. ಬಿಪಿ, ಶುಗರ್‌ನಂಥ ಹಳೆಯ ಕಾಯಿಲೆಗಳಿಗೆ ಕಾಯುವ ಅವಧಿ 3 ವರ್ಷದವರೆಗೂ ಇರಬಹುದು. ಹಾಗಾಗಿ ಕೆಲಸದಲ್ಲಿರುವಾಗಲೇ ಸ್ವಂತ ಪಾಲಿಸಿ ಮಾಡಿಸಿ, ಇಲ್ಲವೇ ಕಂಪನಿಯ ಪಾಲಿಸಿಯಿಂದ ಅದೇ ವಿಮೆಯವರ ವೈಯಕ್ತಿಕ ಪಾಲಿಸಿಗೆ ಬದಲಾಗಬಹುದಾ ವಿಚಾರಿಸಿ. ದಯವಿಟ್ಟು ಇದನ್ನು ಮುಂದೂಡಬೇಡಿ.

ಕಾಶ್ಮೀರ, ಲಡಾಖ್ ಕಡೆ ಹೋಗೋರು ಪೋಸ್ಟ್‌ಪೇಯ್ಡ್ ಸಿಮ್ ಮಾಡಿಸಿಕೊಳ್ಳಿ. ನಮ್ಮ ಮಹಾರಾಷ್ಟ್ರದ ಪ್ರೀಪೇಯ್ಡ್ ಅಲ್ಲಿ ನಡೆಯಲ್ಲ. ಫೋನ್ ಸಿಗದಿದ್ದರೆ ಮನೆಯವರು ಸುಮ್ಮನೆ ಗಾಬರಿಯಾಗ್ತಾರೆ.

ಒಬ್ಬರೇ ತಿರುಗಾಡಿ ಅಭ್ಯಾಸವಿಲ್ಲದಿದ್ದರೆ, ಮೊದಲು ಪನ್ವೇಲಿನಿಂದ ಕೊಂಕಣ ರೈಲು ಹಿಡಿದು ಗೋಕರ್ಣದಲ್ಲಿ ನಾಲ್ಕು ದಿನ ಇದ್ದು ನೋಡಿ. ಭಾಷೆಯ ತೊಂದರೆ ಇರಲ್ಲ. ರೈಲಿನ ಬುಕಿಂಗ್ 60 ದಿನ ಮೊದಲೇ ಶುರುವಾಗುತ್ತದೆ, ರಜೆಯ ದಿನಗಳಾದರೆ ಬೇಗ ಮಾಡಿಸಿ.