ಮಾಳಗಿಯ ಮೇಲೊಂದು ತಗಡಿನ ಹಾರ್ನ್: ಆಕಾಶಗಂಗೆಯ ವೇಗ ಅಳೆದ ಬಗೆ

ಬೆಳಕು ಸೂಸದ, ಗುರುತ್ವದಿಂದಷ್ಟೇ ತಿಳಿಯುವ ಕಪ್ಪು ದ್ರವ್ಯದ ಕಣ ಹಿಡಿಯಲು ಗಣಿಯ ಆಳಕ್ಕೆ ಇಳಿಯುತ್ತಾರೆ. ಅದರ ಬಲವಾದ ಸುಳಿವು ಕೊಟ್ಟದ್ದು ಗೆಲಾಕ್ಸಿಗಳು ತಿರುಗುವ ವೇಗ; ನಮ್ಮ ಗೆಲಾಕ್ಸಿಯದನ್ನು ಅಳೆಯಲು ವಿಜಯಪುರದ ಮಾಳಗಿಯೂ ಸಾಕು. ಆಕಾಶಗಂಗೆಯ ಹೈಡ್ರೋಜನ್ 1420.4 ಮೆಗಾಹರ್ಟ್ಸ್‌ನಲ್ಲಿ ರೇಡಿಯೋ ತರಂಗ (ತರಂಗಾಂತರ 21 ಸೆಂ.ಮೀ.) ಸೂಸುತ್ತದೆ. ರೇಡಿಯೋ ವರ್ಣಪಟಲದಲ್ಲಿ ಕಾಣುವ ಆ ಗೆರೆ 4.74 ಕಿಲೋಹರ್ಟ್ಸ್ ಸರಿದರೆ ಅನಿಲದ ವೇಗ ಸೆಕೆಂಡಿಗೆ 1 ಕಿ.ಮೀ. ಎಂದರ್ಥ.

ಹಾರ್ನ್ ಆಂಟೆನಾವನ್ನು ತಗಡಿನ ಕೆಲಸದವರಿಂದ ಜಿ.ಐ. ಶೀಟ್‌ನಲ್ಲಿ ಮಾಡಿಸಿದೆ. ಬಾಯಿ 75×60 ಸೆಂ.ಮೀ., ಹಿಂದಿನ ಡಬ್ಬಿ 16.5×8.3. ಡಬ್ಬಿಯ ಮುಚ್ಚಿದ ಬೆನ್ನಿನಿಂದ 6.9 ಸೆಂ.ಮೀ. ಮುಂದೆ, ಅಗಲದ ನಟ್ಟನಡುವೆ ತಾಮ್ರದ ಕಡ್ಡಿ. ಅದನ್ನು 5.5 ಸೆಂ.ಮೀ. ಇಟ್ಟು, ವಿಎನ್‌ಎ (ಆಂಟೆನಾ ಹೊಂದಿಕೆ ಅಳೆಯುವ ಉಪಕರಣ) ನೋಡುತ್ತ ಅರ್ಧರ್ಧ ಮಿ.ಮೀ. ಕತ್ತರಿಸಬೇಕು. ತರಂಗಾಂತರದ ಕಾಲುಭಾಗ ಗಾಳಿಯಲ್ಲಿ 5.3 ಸೆಂ.ಮೀ., ಡಬ್ಬಿಯೊಳಗೆ 6.9, ಎಡವುವುದು ಇಲ್ಲೇ. ಮೂಲೆಗಳಿಗೆ ಬೆಸುಗೆಯೇ ಬೇಕು. ಫಾಯಿಲ್ ಟೇಪ್ ಹಚ್ಚಿದರೆ ನಡುವೆ ಅಂಟು ಕೂತು ತಗಡಿಗೆ ತಗಡು ತಾಗುವುದಿಲ್ಲ.

ಎಲ್‌ಎನ್‌ಎ (ಕ್ಷೀಣ ಸಂಕೇತವನ್ನು ಕಡಿಮೆ ಗದ್ದಲದಲ್ಲಿ ಹಿಗ್ಗಿಸುವ ವರ್ಧಕ) ಕಡ್ಡಿಯ ಬುಡದಲ್ಲೇ ಇರಲಿ. ಮೊದಲ ಹಂತಕ್ಕಿಂತ ಮುಂಚೆ ಕೇಬಲ್‌ನಲ್ಲಿ ಕಳೆದದ್ದು ಮತ್ತೆ ಸಿಗದು. ಮೊಬೈಲ್ ಟವರ್ ಹತ್ತಿರವಿದ್ದರೆ ಫಿಲ್ಟರ್ ಇರುವ ಎಲ್‌ಎನ್‌ಎಯನ್ನೇ ಕೊಳ್ಳಿ. ಎಸ್‌ಡಿಆರ್ ಡಾಂಗಲ್ (ಕಂಪ್ಯೂಟರಿಗೆ ಸಿಕ್ಕಿಸುವ ಪುಟ್ಟ ರೇಡಿಯೋ) ಅನ್ನು 1420.4ಕ್ಕೆ ಅಲ್ಲ, 1420.7ಕ್ಕೆ ಟ್ಯೂನ್ ಮಾಡುತ್ತೇನೆ. ಟ್ಯೂನ್ ಮಾಡಿದ ಆವರ್ತನದಲ್ಲೇ ಏಳುವ ಸುಳ್ಳು ಮೊಳೆ ಆಗ ಗೆರೆಯ ನಮಗೆ ಬೇಕಾದ ಅಂಚಿನಿಂದ ದೂರ ಬೀಳುತ್ತದೆ. ಡಾಂಗಲ್‌ನ ಆವರ್ತನ ಕಾಯುವ ಹರಳು 50 ಪಿಪಿಎಂ (ಹತ್ತು ಲಕ್ಷಕ್ಕೆ 50) ತಪ್ಪಿದರೆ ವೇಗದಲ್ಲಿ ಸೆಕೆಂಡಿಗೆ 15 ಕಿ.ಮೀ. ತಪ್ಪು, ಟಿಸಿಎಕ್ಸ್‌ಒ (ಬಿಸಿ ಏರಿಳಿದರೂ ಆವರ್ತನ ಕಾಯುವ ಹರಳು) ಇರುವುದನ್ನೇ ತರಬೇಕು.

ಅಕ್ಟೋಬರ್ ಸಂಜೆ ಅನುಕೂಲ. ಮೋಡ ಅಡ್ಡಿಯಲ್ಲ, ಹಾರ್ನ್‌ನೊಳಗೆ ನೀರು ನಿಂತರೆ ಅಡ್ಡಿ. ಬಾಯಿಗೆ ತೆಳು ಪ್ಲಾಸ್ಟಿಕ್ ಹಾಳೆ ಕಟ್ಟುತ್ತೇನೆ. ನಮ್ಮ ಕಡೆಯ ಹಗಲ ಬಿಸಿಲಿಗೆ ಎಲ್‌ಎನ್‌ಎ ಗೇನ್ ಅಲುಗಾಡುತ್ತದೆ. ಹಾಗಾಗಿ ರಾತ್ರಿ 5 ನಿಮಿಷ ಗಂಗೆಯ ಪಟ್ಟಿ, 5 ನಿಮಿಷ ಅದರಿಂದ ದೂರದ ಖಾಲಿ ಆಕಾಶ, ಹೀಗೆ ಸರದಿ. ಎರಡನೆಯದರಿಂದ ಮೊದಲನೆಯದನ್ನು ಭಾಗಿಸಿದಾಗಲೇ ಹೈಡ್ರೋಜನ್ ಗೆರೆಯ ದಿಬ್ಬ ಕಾಣುವುದು.

ಲೆಕ್ಕಕ್ಕೆ ಬೇಕಾದದ್ದು ದಿಬ್ಬದ ತುದಿಯಲ್ಲ, ಅತಿ ವೇಗದ ಅಂಚು. ಭೂಮಿಯ ಪರಿಭ್ರಮಣೆ, ಸೂರ್ಯನ ಸ್ವಂತ ಚಲನೆ ಕಳೆಯದಿದ್ದರೆ ಹತ್ತಾರು ಕಿ.ಮೀ. ಕೆಡುತ್ತದೆ. ಗಂಗೆಯ ರೇಖಾಂಶ (ಕೇಂದ್ರದಿಂದ ಪಟ್ಟಿಯುದ್ದಕ್ಕೂ ಅಳೆದ ಕೋನ) 30 ಡಿಗ್ರಿಯಲ್ಲಿ ಅಂಚು ಸೆಕೆಂಡಿಗೆ 110 ಕಿ.ಮೀ. ಬಂದರೆ, ಅದಕ್ಕೆ ಸೂರ್ಯನ ವೇಗ 220ರ ಅರ್ಧ (30 ಡಿಗ್ರಿಯ ಸೈನ್ ಅರ್ಧ) ಸೇರಿಸಿ: ಕೇಂದ್ರದಿಂದ 4.25 ಕಿಲೋಪಾರ್ಸೆಕ್‌ನಲ್ಲಿ (ಒಂದು ಕಿಲೋಪಾರ್ಸೆಕ್ ಸುಮಾರು 3,260 ಜ್ಯೋತಿರ್ವರ್ಷ) 220. ಎರಡರಷ್ಟು ದೂರದ ಸೂರ್ಯನದೂ ಸುಮಾರು 220. ತೂಕವೆಲ್ಲ ಕೇಂದ್ರದಲ್ಲೇ ಇದ್ದಿದ್ದರೆ ಸೂರ್ಯನ ದೂರದಲ್ಲಿ ಅದು ಸುಮಾರು 156ಕ್ಕೆ ಇಳಿಯಬೇಕಿತ್ತು.

ಇಷ್ಟಕ್ಕೇ ಕಪ್ಪು ದ್ರವ್ಯ ಸಿಕ್ಕಿತು ಎನ್ನುವುದು ಅವಸರ. ಸೂರ್ಯನ ಕಕ್ಷೆಗಿಂತ ಒಳಗಿನ ಭಾಗದ ವೇಗವನ್ನು ನಕ್ಷತ್ರಗಳ ತೂಕವೇ ಬಹುಪಾಲು ವಿವರಿಸುತ್ತದೆ. ಗಟ್ಟಿ ಸಾಕ್ಷಿ ಗೆಲಾಕ್ಸಿಗಳ ಹೊರಭಾಗದ್ದು. 1978ರಲ್ಲಿ ಖಗೋಳ ವಿಜ್ಞಾನಿ ಆಲ್ಬರ್ಟ್ ಬೋಸ್ಮಾ ಇದೇ 21 ಸೆಂ.ಮೀ. ಗೆರೆ ಹಿಡಿದು, ಬೇರೆ ಗೆಲಾಕ್ಸಿಗಳ ಬೆಳಕು ಮುಗಿದ ಎಷ್ಟೋ ಆಚೆಗೂ ವೇಗ ಇಳಿಯದ್ದನ್ನು ತೋರಿಸಿದರು. 19 ಡಿಗ್ರಿ ಅಗಲ ನೋಡುವ ನಮ್ಮ ಹಾರ್ನ್‌ಗೆ ಅದು ನಿಲುಕದು.